ಭಾನುವಾರದ ಸೊಪ್ಪು

ಚನ್ನರಾಯಪಟ್ಟಣ ಹೋಬಳಿ,
ದೇವನಹಳ್ಳಿ ತಾಲ್ಲೂಕು.
31 ಆಗಸ್ಟ್ 1944, ಗುರುವಾರ

ಕರ್ತನಲ್ಲಿ ಪ್ರಿಯಳಾದ ನನ್ನ ಅಮ್ಮನಿಗೆ,

ನಿನ್ನ ಮಗಳು ರೆಬೆಕ್ಕ ಮಾಡುವ ವಂದನೆ. ನಾವು ಕ್ಷೇಮ ಎಂದು ಮೊದಲು ಬರೆಯಬೇಕಲ್ಲ, ಮೈ ಮಟ್ಟಿಗೆ ಕ್ಷೇಮವೇ. ಹೊಸಕೋಟೆಯಲ್ಲಿ ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಪ್ರಾರ್ಥನೆ ಒಂದೇ ಸಾಕೆಂದು ಕೂತಿದ್ದೀಯೋ? ಎರಡನ್ನೂ ಮಾಡು. ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಈ ಕಾಗದವನ್ನು ಒಬ್ಬಳೇ ಕೂತು ಓದು. ಸಭೆಯ ಹೆಂಗಸರು ಯಾರಾದರೂ ಬಂದರೆ ಸೆರಗಿನೊಳಗೆ ಇಟ್ಟುಕೋ. ಬರುವ ಭಾನುವಾರ ನಮ್ಮಲ್ಲಿ ಕರ್ತನ ಭೋಜನ. ಅದರ ಹಿಂದಿನ ಸಂಜೆ ಪಾದ್ರಿ ಅಯ್ಯನವರು ದೇವನಹಳ್ಳಿಯಿಂದ ಸೈಕಲ್ಲಿನಲ್ಲಿ ಬಂದು, ರೊಟ್ಟಿ ತೆಗೆದುಕೊಳ್ಳಲು ಮೇಜಿನ ಹತ್ತಿರ ಬರುವ ಮೊದಲು ಹೇಳಿಕೊಳ್ಳುವುದೇನಾದರೂ ಇದೆಯೇ ಎಂದು ಒಬ್ಬೊಬ್ಬರನ್ನೂ ಕೇಳುತ್ತಾರೆ. ಮದುವೆಯಾಗಿ ಬಂದ ಹನ್ನೆರಡು ವರ್ಷವೂ ನಾನು ‘ಏನೂ ಇಲ್ಲ ಅಯ್ಯಾ’ ಎಂದೇ ಹೇಳಿಕೊಂಡು ಬಂದೆ. ಈ ಶನಿವಾರ ಏನು ಹೇಳಬೇಕೋ ತಿಳಿಯುತ್ತಿಲ್ಲ. ನಾಳೆ ಹೊಸಕೋಟೆಗೆ ಗಾಡಿ ಹೊಡೆದುಕೊಂಡು ಬರುವ ಚಿಕ್ಕಬೀರಪ್ಪನ ಕೈಲಿ ಇದನ್ನು ಕೊಟ್ಟು ಕಳಿಸುತ್ತೇನೆ. ಅವನು ಹಿಂತಿರುಗುವಾಗ ಎರಡು ಸಾಲಾದರೂ ಬರೆದು ಕಳಿಸು.

ನಿನಗೆ ನಮ್ಮ ಸಭೆಯ ಕಟ್ಟಳೆ ಗೊತ್ತಲ್ಲ. ಇಲ್ಲಿ ನಮ್ಮವರು ಹದಿನಾಲ್ಕು ಮನೆ, ಎಲ್ಲರದ್ದೂ ರೇಷ್ಮೆ ಹುಳದ ಬದುಕು. ಭಾನುವಾರ ಹಿಪ್ಪುನೇರಳೆ ಸೊಪ್ಪು ಕೀಳುವ ಹಾಗಿಲ್ಲ. ಶನಿವಾರವೇ ಎರಡರಷ್ಟು ಕಿತ್ತು, ಒದ್ದೆ ಗೋಣಿಯ ಕೆಳಗೆ ಇಟ್ಟು, ಮಾರನೆಯ ದಿನ ಅದನ್ನೇ ಹಾಕುತ್ತೇವೆ. ಹುಳಕ್ಕೇನು ಭಾನುವಾರ ತಿಳಿಯುತ್ತದೆಯೇ, ಬಾಡಿದ ಸೊಪ್ಪಿನ ಮೇಲೆ ಮೂತಿ ತಿರುಗಿಸಿಕೊಂಡು ಕೂರುತ್ತದೆ. ಈಗಂತೂ ಯುದ್ಧಕ್ಕೆ ರೇಷ್ಮೆ ಬೇಕಂತೆ, ಸಿಪಾಯಿಗಳು ಆಕಾಶದಿಂದ ಇಳಿಯುವ ಛತ್ರಿಗೆ. ಗೂಡಿಗೆ ಎಂದೂ ಇಲ್ಲದ ಬೆಲೆ. ಹೋದ ವರ್ಷ ಆ ಆಸೆಗೆ ಬಿದ್ದು ಯಾಕೋಬಪ್ಪ ಒಂದು ಭಾನುವಾರ ಎರಡು ಕುಕ್ಕೆ ಸೊಪ್ಪು ಕಿತ್ತ. ಅವನನ್ನು ಮೂರು ತಿಂಗಳು ಭೋಜನದಿಂದ ದೂರ ಇಟ್ಟರು. ಎದ್ದು ನಿಂತು ಆ ಮಾತು ಎತ್ತಿದವರು ಸಭೆಯ ಹಿರಿಯರಾದ ನಿನ್ನ ಅಳಿಯನೇ. ಯಾಕೋಬಪ್ಪ ಮೂರು ತಿಂಗಳೂ ಹಿಂದಿನ ಚಾಪೆಯ ಮೇಲೆ ಕೂತು ತಲೆ ತಗ್ಗಿಸಿಕೊಂಡು ಹಾಡಿದ. ನನಗೆ ಆಗ ಇವರ ಮೇಲೆ ಹೆಮ್ಮೆಯೇ ಆಗಿತ್ತು, ಸುಳ್ಳೇಕೆ ಹೇಳಲಿ.

ಈಗ ನನ್ನ ವಿಷಯ. ನಮ್ಮ ಹೊಲದ ಬದುವಿನ ಆಚೆಗೆ ಪಿಳ್ಳಮ್ಮನವರ ತೋಟ, ಅದರ ಮೂಲೆಯಲ್ಲಿ ಅವರ ಹುಳದ ಮನೆ. ಪಿಳ್ಳಮ್ಮ ನನ್ನ ವಾರಿಗೆಯವಳು. ಒಳ್ಳೆಯ ಮಾತು, ಒಳ್ಳೆಯ ನಗು. ಆದರೆ ಬಾಯಾರಿದೆ ಅಂದರೆ ಮಜ್ಜಿಗೆಯನ್ನು ಮೇಲಿನಿಂದ ನನ್ನ ಬೊಗಸೆಗೆ ಹುಯ್ಯುತ್ತಾಳೆ. ಹುಳದ ಮನೆಯ ಬಾಗಿಲಿಗಂತೂ ಹತ್ತು ಮಾರು ದೂರ ನಿಲ್ಲಬೇಕು. ಹುಳದ ಮನೆಗೆ ಮಡಿ ಬೇಕು, ಹೊರಗಾದವರು ಹೋಗಬಾರದು, ಸೂತಕದವರು ಹೋಗಬಾರದು, ನಮ್ಮಂಥವರು ನೋಡಲೂಬಾರದು. ಅದು ಅವಳ ಅತ್ತೆ ಅಮ್ಮಯಮ್ಮನವರ ಕಟ್ಟಳೆ. ಪ್ರತಿಯೊಬ್ಬರಿಗೂ ಒಂದೊಂದು ಕಟ್ಟಳೆ ಅಮ್ಮ, ನಮಗೆ ಭಾನುವಾರದ್ದು, ಅವರಿಗೆ ಬಾಗಿಲಿನದ್ದು.

ಆಗಸ್ಟ್ ಹತ್ತೊಂಬತ್ತು, ಶನಿವಾರ ಸಂಜೆ ಪಿಳ್ಳಮ್ಮನ ದೊಡ್ಡಮಾವ ವೆಂಕಟರಾಯಪ್ಪನವರು ತೀರಿಕೊಂಡರು. ಊರಿನಲ್ಲಿ ಅವರ ದಾಯಾದಿಗಳೇ ಇಪ್ಪತ್ತು ಮನೆ, ಅಷ್ಟಕ್ಕೂ ಸೂತಕ. ಹುಳವೋ ನಾಲ್ಕನೆಯ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದು ಮೂರು ದಿನವಾಗಿತ್ತು, ಹೊತ್ತುಹೊತ್ತಿಗೆ ಸೊಪ್ಪು ಬೀಳಲೇಬೇಕಾದ ಸಮಯ. ಒಂದು ದಿನ ತಪ್ಪಿದರೆ ಬೆಳೆ ಹೋದಂತೆಯೇ. ವಿಜಯಪುರದಲ್ಲಿ ಕೊಟ್ಟಿರುವ ಪಿಳ್ಳಮ್ಮನ ತಂಗಿ ಭಾಗ್ಯಮ್ಮನಿಗೆ ಸೂತಕವಿಲ್ಲ, ಅವಳಿಗೆ ಹೇಳಿ ಕಳಿಸಿದ್ದರು. ಆದರೆ ಅವಳು ಬರುವುದು ಸೋಮವಾರ.

ಭಾನುವಾರ ಬೆಳಿಗ್ಗೆ ನಾನು ತಲೆ ಬಾಚಿಕೊಳ್ಳುತ್ತಿದ್ದೆ. ಇವರು ದೇವಾಲಯದ ಗಂಟೆ ಹೊಡೆಯಲು ಮುಂದಾಗಿ ಹೊರಟುಹೋಗಿದ್ದರು. ಪಿಳ್ಳಮ್ಮ ಬದುವಿನ ಮೇಲೆ ಬಂದು ನಿಂತಳು. ಅತ್ತೂ ಅತ್ತೂ ಮುಖ ಊದಿತ್ತು. ಅದು ಮಾವನಿಗೋ ಹುಳಕ್ಕೋ ಗೊತ್ತಾಗಲಿಲ್ಲ. “ರೆಬಕ್ಕ, ನಿಂಗೆ ಸೂತಕ ಇಲ್ಲ ಕಣಕ್ಕ. ನೀನೇ ಒಸಿ ಸೊಪ್ಪು ಹಾಕ್ಬುಡು. ಹುಳ ತಟ್ಟೆ ಅಂಚಿಗೆ ಬಂದು ತಲೆ ಎತ್ತಿ ನೋಡ್ತಾವೆ, ನಂಗೆ ನೋಡಕ್ಕಾಗಲ್ಲ” ಅಂದಳು. ಅತ್ತೆಗೆ ಗೊತ್ತಾದರೋ ಎಂದೆ. “ಭಾಗ್ಯ ಭಾನ್ವಾರವೇ ಬಂದ್ಳು ಅಂತೀನಿ. ಅವ್ರೆಲ್ಲ ಸಾವಿನ ಮನೇಲವ್ರೆ, ಇತ್ಲಾಗೆ ಯಾರ್ ಬತ್ತಾರೆ” ಅಂದಳು.

ಅಮ್ಮ, ನಾನು ಒಂದು ಗಳಿಗೆ ನಿಂತೆ. ಗಂಟೆ ಹೊಡೆಯುತ್ತಿತ್ತು. ಇವರಿಗೆ ಹೇಳಿಕಳಿಸಿ ಕೇಳಬಹುದಿತ್ತು, ಕೇಳಲಿಲ್ಲ. ಪಕ್ಕದ ಮನೆಯ ಮಕ್ಕಳ ಕೈಲಿ ತಲೆನೋವು ಎಂದು ಹೇಳಿ ಕಳಿಸಿದೆ. ಆಮೇಲೆ ನಮ್ಮ ಗೋಣಿಯ ಕೆಳಗಿದ್ದ ಶನಿವಾರದ ಸೊಪ್ಪನ್ನೇ ಹೊತ್ತುಕೊಂಡು ಹೋದೆ. ಅದು ಒಂದು ಹೊತ್ತಿಗೂ ಸಾಲಲಿಲ್ಲ. ಮತ್ತೆ ಅವರ ತೋಟಕ್ಕಿಳಿದು ಸಂಜೆಯವರೆಗೂ ಕಿತ್ತೆ, ಹಾಕಿದೆ, ಕಿತ್ತೆ, ಹಾಕಿದೆ. ದೇವಾಲಯದಿಂದ ಹಾಡು ಕೇಳಿಸುತ್ತಿತ್ತು. ಅಭ್ಯಾಸಬಲ, ನಾನೂ ಸೊಪ್ಪು ಕೀಳುತ್ತಾ ಗುನುಗಿದೆ. ಗುನುಗುತ್ತಿದ್ದೇನೆಂದು ತಿಳಿದಾಗ ನಿಲ್ಲಿಸಬೇಕೋ ಮುಂದುವರಿಸಬೇಕೋ ಗೊತ್ತಾಗಲಿಲ್ಲ.

ಯಾಕೆ ಹೋದೆ ಎಂದು ನನ್ನನ್ನು ನಾನೇ ಹತ್ತು ದಿನದಿಂದ ಕೇಳಿಕೊಳ್ಳುತ್ತಿದ್ದೇನೆ. ಮದುವೆಯ ದಿನ ನೀನು “ನಂಬಿಕೆ ಭಾನ್ವಾರದ ಸೀರೆ ಅಲ್ಲ ಮಗಾ, ವಾರವೆಲ್ಲಾ ಉಡ್ಬೇಕು” ಎಂದು ಹೇಳಿ ಕಳಿಸಿದೆಯಲ್ಲ. ಹಾಗಾದರೆ ನೆರೆಯವಳು ಅಳುತ್ತಾ ಬಂದು ನಿಂತಾಗ ಹೋಗಬೇಕಾದ್ದು ನ್ಯಾಯ ತಾನೆ? ಅಥವಾ ವಾರವೆಲ್ಲ ಉಟ್ಟು ಭಾನುವಾರವೇ ಬಿಚ್ಚಿಟ್ಟು ಹೋದೆನೋ? ಇನ್ನೂ ಒಂದಿದೆ, ಅದನ್ನು ನಿನ್ನ ಹತ್ತಿರ ಬಿಟ್ಟು ಯಾರ ಹತ್ತಿರವೂ ಹೇಳಲಾರೆ. ಪಿಳ್ಳಮ್ಮ ತಾನೇ ದೂರ ನಿಂತು “ಚಿಲಕ ತೆಗಿ, ಒಳಕ್ಕೋಗು” ಅಂದಾಗ ನನಗೆ ಎಂಥ ಸಂತೋಷವಾಯಿತು ಗೊತ್ತೇ. ಹನ್ನೆರಡು ವರ್ಷ ನನ್ನ ಕಣ್ಣೂ ಬೀಳಬಾರದೆಂದಿದ್ದ ಬಾಗಿಲು ಅದು. ನಾನು ಒಳಗೆ, ಅವಳು ಹೊರಗೆ. ಆ ಸಂತೋಷ ಕರ್ತನು ಹೇಳಿದ ಪ್ರೀತಿಯೋ, ನನ್ನ ಜಂಭವೋ ಎಂದು ಬಿಡಿಸಿ ನೋಡಲು ನನ್ನ ಕೈಲಾಗುತ್ತಿಲ್ಲ.

ಹುಳ ಉಳಿಯಿತು. ಸೋಮವಾರ ಮಧ್ಯಾಹ್ನ ಭಾಗ್ಯಮ್ಮ ಬಂದು ಮುಂದಿನದ್ದನ್ನು ನೋಡಿಕೊಂಡಳು. ಬುಧವಾರ ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟರು, ಮೊನ್ನೆ ಸೋಮವಾರ ಗೂಡು ಬಿಡಿಸಿದರು. ಈ ಸಲ ಇಡೀ ಊರಿನಲ್ಲಿ ಅಂಥ ಗಟ್ಟಿ ಗೂಡು ಯಾರದ್ದೂ ಇಲ್ಲ. ಅಮ್ಮಯಮ್ಮನವರು ಎಲ್ಲ ಭಾಗ್ಯಮ್ಮನ ಕೈಗುಣ ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಅದು ನನ್ನ ಕಿವಿಗೂ ಬಿತ್ತು. ನನ್ನ ಕೈಯನ್ನು ನಾನೇ ನೋಡಿಕೊಂಡೆ, ಸೊಪ್ಪಿನ ಕರೆ ಇನ್ನೂ ಹೋಗಿರಲಿಲ್ಲ.

ನಮ್ಮ ಕಡೆಯ ಕಥೆ ಕೇಳು. ಆ ಭಾನುವಾರ ಇವರು ಸಭೆಯಲ್ಲಿ ಎದ್ದು ನಿಂತು ನನ್ನ ತಲೆನೋವಿಗಾಗಿ ಪ್ರಾರ್ಥನೆ ಮಾಡಿಸಿದರಂತೆ. ಸೋಮವಾರ ಯಾಕೋಬಪ್ಪನ ಹೆಂಡತಿ ಮೆಣಸಿನ ಸಾರು ಮಾಡಿಕೊಂಡು ಬಂದಳು. ಹಣೆ ಮುಟ್ಟಿ ನೋಡಿ “ಪ್ರಾರ್ಥನೆ ಕೇಳ್ಬುಟ್ಟವ್ನೆ ಕಣಕ್ಕ ದೇವ್ರು” ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ನಾನು ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಆ ಸಾರು ಕುಡಿದೆ. ಚೆನ್ನಾಗಿತ್ತು.

ಶುಕ್ರವಾರ ತಡೆಯಲಾರದೆ ಇವರಿಗೆ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ತಟ್ಟೆ ಹೆಣೆಯುತ್ತಿದ್ದ ಬಿದಿರು ಕಡ್ಡಿಯನ್ನು ಕೆಳಗಿಟ್ಟರು. “ಹೋಗಿದ್ದು ತಪ್ಪು ಅಂತ ಹೇಳಕ್ಕೆ ನಂಗೆ ಬಾಯಿ ಬರ್ತಿಲ್ಲ. ಸರಿ ಅಂತ ಹೇಳಿದ್ರೆ ಯಾಕೋಬಪ್ಪನ ಮೂರು ತಿಂಗ್ಳು ಯಾರ್ ವಾಪಸ್ ಕೊಡ್ತಾರೆ” ಅಂದರು. ಆಮೇಲೆ ಅಯ್ಯನವರಿಗೆ ಹೇಳು ಅಂತಲೂ ಅನ್ನಲಿಲ್ಲ, ಹೇಳಬೇಡ ಅಂತಲೂ ಅನ್ನಲಿಲ್ಲ. ಅಂದಿನಿಂದ ಊಟದ ಮುಂಚಿನ ಪ್ರಾರ್ಥನೆಯನ್ನು ಇಬ್ಬರೂ ಮನಸ್ಸಿನಲ್ಲೇ ಮಾಡಿಕೊಂಡು ಉಣ್ಣುತ್ತಿದ್ದೇವೆ. ಚಿಕ್ಕಂದಿನಲ್ಲಿ ಸುಳ್ಳಾಡಿದ ದಿನ ನೀನು ನನಗೆ ಪ್ರಾರ್ಥನೆ ಹೇಳಲು ಬಿಡುತ್ತಿರಲಿಲ್ಲ, ಸುಮ್ಮನೆ ಉಣ್ಣು ಅನ್ನುತ್ತಿದ್ದೆ. ಆ ಅನ್ನದ ರುಚಿ ಈಗ ಮತ್ತೆ ಗೊತ್ತಾಗುತ್ತಿದೆ.

ಇದು ಅತ್ತ ದರಿ ಇತ್ತ ಪುಲಿ. ಅಯ್ಯನವರ ಮುಂದೆ ಹೇಳಿದರೆ ಇವರ ಹಿರಿತನ ಹೋಗುತ್ತದೆ. ಹೋಗಲಿ, ಅದನ್ನು ಇವರೂ ತಡೆದುಕೊಂಡಾರು. ಆದರೆ ಹದಿನಾಲ್ಕು ಮನೆಗೆ ತಿಳಿದದ್ದು ಊರಿಗೆ ತಿಳಿಯದೆ ಇರುತ್ತದೆಯೇ? ಅಮ್ಮಯಮ್ಮನವರು ಪಿಳ್ಳಮ್ಮನನ್ನು ಏನು ಮಾಡುತ್ತಾರೋ. ನನ್ನ ಮನಸ್ಸಾಕ್ಷಿ ಹಗುರ ಮಾಡಿಕೊಳ್ಳಲು ಅವಳ ಬಾಳಿನ ಮೇಲೆ ಕಲ್ಲು ಹಾಕಬಹುದೇ? ಹೇಳದಿದ್ದರೆ ಸುಳ್ಳಾಡಿದ ಬಾಯಲ್ಲೇ ಕರ್ತನ ರೊಟ್ಟಿ ತೆಗೆದುಕೊಳ್ಳಬೇಕು. ತೆಗೆದುಕೊಳ್ಳದೆ ಹಿಂದೆ ಕೂತರೆ ಎಲ್ಲರೂ ಯಾಕೆ ಅನ್ನುತ್ತಾರೆ. ಮತ್ತೆ ತಲೆನೋವು ಅನ್ನಲೇ? ಮತ್ತೆ ಪ್ರಾರ್ಥನೆ ಮಾಡಿಸುತ್ತಾರೆ.

ಅವಳ ಗುಟ್ಟು ಕಾಯುವುದಕ್ಕೋಸ್ಕರ ಬಾಯಿ ಮುಚ್ಚಿಕೊಂಡಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಅದೂ ಒಂದು ಪ್ರೀತಿಯೇ ಅಲ್ಲವೇ? ದೇವರ ಮುಂದೆ ಮೌನ ಎಲ್ಲಿಯವರೆಗೆ ಪ್ರೀತಿ, ಎಲ್ಲಿಂದ ಸುಳ್ಳು? ನೀನು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ರೋಗಿಗಳ ಗುಟ್ಟು ಕಾಪಾಡಿದವಳು, ಹೇಳು. ಅಯ್ಯನವರಿಗಿಂತ ನಿನ್ನ ಮಾತೇ ನನಗೆ ಬೇಕು. ನೀನು ಬೈದರೂ ಸರಿ, ಬೈಗುಳವಾದರೂ ಒಂದು ದಾರಿ ತೋರಿಸೀತು.

ಒಂದು ಸೇರು ಹುರುಳಿ ಕಳಿಸಿದ್ದೇನೆ, ಚಿಕ್ಕಬೀರಪ್ಪನ ಕೈಲಿ ಇಸಿದುಕೋ.

ನಿನ್ನ ಪ್ರಾರ್ಥನೆಯನ್ನು ಬೇಡುವ,
ನಿನ್ನ ಮಗಳು
ರೆಬೆಕ್ಕ

ಪುನಶ್ಚ: ಅಂಟಿಸುವ ಮೊದಲು ಓದಿ ನೋಡಿದೆ. ಇದನ್ನು ಹೀಗೇ ಕಳಿಸಿದರೆ ನಿನಗೂ ಸುಳ್ಳು ಹೇಳಿದ ಹಾಗಾಗುತ್ತದೆ. ಪಿಳ್ಳಮ್ಮ ಈಗ ಊರಿನಲ್ಲಿಲ್ಲ ಅಮ್ಮ. ನಿನ್ನೆ ಬೆಳಿಗ್ಗೆ ಅವಳನ್ನು ತವರಿಗೆ ಕಳಿಸಿಬಿಟ್ಟರು, ಕರೆಯುವವರೆಗೂ ಬರಬೇಡ ಎಂದು. ಕಾಯುವುದಕ್ಕೆ ನನ್ನ ಹತ್ತಿರ ಅವಳ ಗುಟ್ಟು ಯಾವುದೂ ಉಳಿದಿಲ್ಲ.

ಮೊನ್ನೆ ಮಂಗಳವಾರ ಅವರಲ್ಲಿ ಹನ್ನೊಂದನೆಯ ದಿನದ ಕಾರ್ಯ. ಬಂದವರ ಮುಂದೆ ಅಮ್ಮಯಮ್ಮನವರು ಭಾಗ್ಯಮ್ಮನನ್ನು ಹೊಗಳಿದ್ದಾರೆ. ಅವಳು ಅಮಾಯಕಿ, “ನಾನು ಸೋಮ್ವಾರ ಅಲ್ವಾ ಅತ್ತೆ ಬಂದಿದ್ದು” ಅಂದುಬಿಟ್ಟಳಂತೆ. ಹಾಗಾದರೆ ಭಾನುವಾರ ಹಾಕಿದವರು ಯಾರು ಎಂಬ ಮಾತು ಎದ್ದಿತು. ಪಿಳ್ಳಮ್ಮ ಒಂದು ಕ್ಷಣವೂ ತಡಮಾಡದೆ, ಕೂತಿದ್ದ ನೆಂಟರೆಲ್ಲರ ಮುಂದೆ, “ರೆಬಕ್ಕ ಹಾಕಿದ್ದು. ನಾನೇ ಕರ್ದೆ. ಅವ್ಳದೇನೂ ತಪ್ಪಿಲ್ಲ” ಅಂದಳಂತೆ.

ಆಮೇಲಿನದ್ದನ್ನು ಇವರಿಗೂ ಹೇಳಿಲ್ಲ. ಅಮ್ಮಯಮ್ಮನವರು ಇಬ್ಬರು ಹೆಂಗಸರನ್ನು ಕರೆದುಕೊಂಡು ಬದುವಿನ ಹತ್ತಿರ ಬಂದರು. ಹಿಂದೆ ಪಿಳ್ಳಮ್ಮ. ನಾನು ಸೊಪ್ಪು ಕೀಳುತ್ತಿದ್ದೆ. ನಾಲ್ಕು ಸಾಲು ಆಚೆಗೆ ಯಾಕೋಬಪ್ಪ ಕಳೆ ತೆಗೆಯುತ್ತಿದ್ದವನು ತಲೆ ಎತ್ತಿ ನೋಡಿದ. “ನಿಜ ಹೇಳು ರೆಬಕ್ಕ, ಆ ಭಾನ್ವಾರ ನಮ್ ಹುಳದ ಮನೆ ಒಳಕ್ಕೆ ಬಂದಿದ್ಯಾ?” ಎಂದು ಅಮ್ಮಯಮ್ಮನವರು ಕೇಳಿದರು. ಪಿಳ್ಳಮ್ಮನ ಮುಖದಲ್ಲಿ ಭಯವಿರಲಿಲ್ಲ. ನಾನು ಹೌದು ಅನ್ನುತ್ತೇನೆ ಎಂದು ಕಾಯುತ್ತಿದ್ದಳು ಅಷ್ಟೆ. ನಾನು ಯಾಕೋಬಪ್ಪನ ಕಡೆ ನೋಡಿದೆ. “ಇಲ್ಲಮ್ಮ, ಅವತ್ತು ನಂಗೆ ತಲೆನೋವು, ಮನೇಲೇ ಮಲಗಿದ್ದೆ” ಅಂದೆ.

ಪಿಳ್ಳಮ್ಮ ಸೂತಕದಲ್ಲಿ ತಾನೇ ಒಳಗೆ ಹೋಗಿ ಅದನ್ನು ನನ್ನ ತಲೆಗೆ ಕಟ್ಟಿದಳೆಂದು ಅವರೆಲ್ಲ ತೀರ್ಮಾನ ಮಾಡಿಬಿಟ್ಟರು. ಅಮ್ಮಯಮ್ಮನವರು ಸೊಸೆಯ ಕಡೆ ತಿರುಗಿ, “ಕೇಳುಸ್ಕೊಂಡ್ಯಾ? ಕಿರಸ್ತಾನ್ದೋರು ಪ್ರಾಣ ಹೋದ್ರೂ ಸುಳ್ಳಾಡಲ್ಲ” ಅಂದರು.