ಪಕ್ಕದಲ್ಲಿ ಮಲಗಿದವರು ಗಂಡ ಹೆಂಡತಿಯಲ್ಲವಂತೆ

ರುದ್ರಭೂಮಿಯ ಉಸ್ತುವಾರಿ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ, ನಮ್ಮ ಅಜ್ಜಿಯನ್ನು ನೀವು ವಿಧವೆ ಮಾಡಿದ್ದೀರಿ. ಬದುಕಿದ್ದಾಗ ಒಮ್ಮೆ ದೇವರು ಮಾಡಿದ್ದ. ಸತ್ತು ಇಷ್ಟು ಕಾಲವಾದ ಮೇಲೆ ಇನ್ನೊಮ್ಮೆ ನಿಮ್ಮ ಕಚೇರಿ ಮಾಡಿತು.

ರುದ್ರಭೂಮಿಯ ನಡುವೆ ಗಾಡಿ ಓಡಾಡಲು ದಾರಿ ಬೇಕೆಂದಿರಿ. ವಾರಸುದಾರರು ಸಾಬೀತಾದ ಸಮಾಧಿಗಳನ್ನು ಗೋಡೆಯ ಬದಿಗೆ ಸಾಗಿಸುತ್ತೇವೆ, ಉಳಿದವನ್ನು ನೆಲಸಮ ಮಾಡುತ್ತೇವೆ ಎಂದಿರಿ. ಆಗಲಿ, ಸತ್ತವರೂ ದಾರಿ ಬಿಡಬೇಕಾದ ಊರು ಇದು. ಅಜ್ಜಿ ಲಕ್ಷ್ಮೀದೇವಮ್ಮನಿಗೆ ಜಾಗ ಮಂಜೂರು ಮಾಡಿದಿರಿ. ಅವಳಿಂದ ಮೊಳ ದೂರದಲ್ಲಿ ಮಲಗಿರುವ ತಾತ ಪುಟ್ಟಯ್ಯನವರನ್ನು ಮಾತ್ರ ‘ಗುರುತು ದೃಢಪಟ್ಟಿಲ್ಲ’ ಎಂದು ಕೈಬಿಟ್ಟಿರಿ. ಏಕೆಂದರೆ ಅವರ ಕಲ್ಲಿನ ಮೇಲೆ ‘ಯಜಮಾನ ಗೌಡರು’ ಎಂದು ಕೆತ್ತಿದೆ.

ನಾನು ಶಾಲೆಗೆ ಹೋದವಳಲ್ಲ. ಹೂವು ಸುತ್ತಿಕೊಡುವ ಪತ್ರಿಕೆಯ ಚೂರುಗಳಲ್ಲಿ ಅಕ್ಷರ ಕಲಿತವಳು. ಇದುವರೆಗೆ ಬರೆದದ್ದೆಲ್ಲ ತಂಗಿಯರಿಗೆ, ನಾದಿನಿಯರಿಗೆ ಯೋಗಕ್ಷೇಮದ ಕಾಗದ. ಸರ್ಕಾರಿ ಭಾಷೆಯಲ್ಲಿ ನಾನು ತಪ್ಪಿದರೆ ಮನ್ನಿಸಿ. ಮನುಷ್ಯರ ಭಾಷೆಯಲ್ಲಿ ನೀವು ತಪ್ಪಿದ್ದನ್ನು ನಾನು ಮನ್ನಿಸುವ ಹಾಗಿಲ್ಲ.

ತಮ್ಮನ ಮಗಳು ರಕ್ಷಿತಾಳನ್ನು ಕರೆದುಕೊಂಡು ನಿಮ್ಮ ಕೌಂಟರಿಗೆ ಬಂದಿದ್ದೆ. ನಿಮ್ಮ ಗುಮಾಸ್ತ ಕಂಪ್ಯೂಟರಿನಿಂದ ತಲೆ ಎತ್ತದೆ ಹೇಳಿದ: “ಫಸ್ಟ್ ನೇಮ್ ಯಜಮಾನ, ಸರ್‌ನೇಮ್ ಗೌಡ. ನೀವು ಕೇಳ್ತಿರೋದು ಪುಟ್ಟಯ್ಯ. ಮ್ಯಾಚ್ ಆಗ್ತಿಲ್ಲ ಅಮ್ಮ. ಗೌಡ ಅಂತ ಇಲ್ಲಿ ಎಷ್ಟು ಕಲ್ಲಿದೆ ಗೊತ್ತಾ ನಿಮಗೆ?”

“ಯಜಮಾನ ಅಂದ್ರೆ ಗಂಡ ಕಣಪ್ಪ. ಹೆಸರಲ್ಲ.”

“ಅದು ನಿಮ್ಮ ಮನೇಲಿ. ಸಿಸ್ಟಮ್‌ನಲ್ಲಿ ಅದೇ ಹೆಸರು.”

“ಪಕ್ಕದಲ್ಲೇ ಹೆಂಡ್ತಿ ಇದಾಳಲ್ಲೋ! ಅವಳ ಕಲ್ಲಿನ ಮೇಲೆ ‘ಪುಟ್ಟಯ್ಯನವರ ಧರ್ಮಪತ್ನಿ’ ಅಂತಿದೆ, ಹೋಗಿ ಓದು.”

ಆಗ ಒಳಗಿನಿಂದ ಎದ್ದು ಬಂದವರು ನೀವು. “ನೋಡಿಮ್ಮಾ, ಪಕ್ಕದಲ್ಲಿ ಮಲಗಿದ ಮಾತ್ರಕ್ಕೆ ಗಂಡ ಹೆಂಡ್ತಿ ಅಂತ ಹೇಳಕ್ಕಾಗಲ್ಲ” ಎಂದಿರಿ. ಸಾಲಿನಲ್ಲಿ ನಿಂತವರು ಕಿಸಕ್ಕನೆ ನಕ್ಕರು. ನೀವೂ ನಕ್ಕಿರಿ.

“ನಿಮ್ಮ ಮನೇಲೂ ಇದೇ ರೂಲ್ಸಾ ಸರ್?” ಎಂದಳು ರಕ್ಷಿತಾ. ನಾನು ಅವಳನ್ನು ಗದರಿ ಎಳೆದುಕೊಂಡು ಬಂದೆ. ಗದರಬಾರದಿತ್ತು.

ಸಿಟ್ಟು ಬಂದಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಬಂದದ್ದು ಹೇಸಿಗೆ. ಅದಕ್ಕೇ ಈ ಕಾಗದ.

ಆ ಕಲ್ಲಿನ ಕಥೆ ಇಷ್ಟು. ತಾತ ತೀರಿಕೊಂಡಾಗ ನಮ್ಮಪ್ಪ ತೊಟ್ಟಿಲ ಕೂಸು. ಕಲ್ಲುಕುಟಿಗ ಅಜ್ಜಿಯನ್ನು ಹೆಸರು ಕೇಳಿದ. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಆಡುವ ಕಾಲವೇ ಅದು? “ನಮ್ಮ ಯಜಮಾನರು” ಎಂದಳು. ಹೆಸರು ಹೇಳಮ್ಮ ಎಂದ. “ಗೌಡರು” ಎಂದಳು. ಅವನು ಎರಡನ್ನೂ ಸೇರಿಸಿ ಕೆತ್ತಿಬಿಟ್ಟ. ಅಪ್ಪ ದೊಡ್ಡವರಾದ ಮೇಲೆ ಕಲ್ಲು ಬದಲಿಸೋಣ ಎಂದರೆ, “ಬ್ಯಾಡ ಬಿಡು. ಅವರನ್ನ ಕರೆಯೋಳು ನಾನು ತಾನೆ” ಎಂದಳಂತೆ.

ನೀವು ಸರ್‌ನೇಮ್ ಎನ್ನುವ ಆ ಗೌಡ ನಮ್ಮಲ್ಲಿ ಮರ್ಯಾದೆಗೆ ಕರೆಯುವ ಮಾತು. ಮಾರ್ಕೆಟ್ಟಿನಲ್ಲಿ ‘ಗೌಡ್ರೇ’ ಎಂದು ಕೂಗಿ ನೋಡಿ, ಅರ್ಧ ಸಂತೆ ತಿರುಗುತ್ತದೆ. ಅದರಿಂದ ಒಬ್ಬ ಮನುಷ್ಯನನ್ನು ಗುರುತು ಹಿಡಿಯಲಾಗದು, ಒಪ್ಪಿದೆ. ಹಾಗಾದರೆ ಹಿಡಿಯುವುದು ಹೇಗೆ? ನನ್ನಲ್ಲಿ ಸಾಕ್ಷಿಯಿದೆ.

ಕೃಷ್ಣರಾಜ ಮಾರುಕಟ್ಟೆಯಲ್ಲಿ ಅಜ್ಜಿ ಹೂವು ಮಾರುವಾಗ ನಾನು ಅವಳ ಪಕ್ಕದಲ್ಲಿ ಕೂತು ಬೆಳೆದವಳು. ಅಲ್ಲಿ ಎಲ್ಲರೂ ಹೂವಿನ ಪುಟ್ಟಿ ಎನ್ನುತ್ತಿದ್ದರು, ಅವಳೊಬ್ಬಳು ಮಂಕರಿ ಎನ್ನುತ್ತಿದ್ದಳು. ಪುಟ್ಟ ಮಗುವನ್ನು ಚಿಕ್ಕೋನು ಎನ್ನುತ್ತಿದ್ದಳು. ಪಕ್ಕದ ಅಂಗಡಿಯವರು ಬೇಕೆಂದೇ ಕೆಣಕುತ್ತಿದ್ದರು: “ಲಕ್ಷ್ಮೀದೇವಕ್ಕ, ಆ ಪುಟ್ಟಿ ಇತ್ಲಾಗ್ ಕೊಡಕ್ಕ.” “ಯಾವ ಮಂಕರೀನೋ, ಮುಟ್ಠಾಳ?” “ಅದೇ, ಪುಟ್ಟಿ! ಒಂದ್ಸಲ ಅನ್ನಕ್ಕ!” ಸಾಲಿಗೆ ಸಾಲೇ ನಗುತ್ತಿತ್ತು, ಅವಳು ನಾಚಿ ಕೆಂಪಾಗಿ ಸೆರಗು ಬಾಯಿಗೆ ಹಿಡಿಯುತ್ತಿದ್ದಳು. ಜೀವಮಾನವಿಡೀ ಒಂದು ಶಬ್ದವನ್ನು ನಾಲಿಗೆಗೆ ತಾಕಿಸದವಳ ಗಂಡನ ಹೆಸರು ಪುಟ್ಟಯ್ಯನಲ್ಲದೆ ಮತ್ತೇನಿದ್ದೀತು? ಇದನ್ನು ನಿಮ್ಮ ಸಿಸ್ಟಮ್ಮಿನ ಯಾವ ಡಬ್ಬಿಯಲ್ಲಿ ತುಂಬಬೇಕು, ಹೇಳಿ.

ಅದು ಹಳೇ ಕಾಲದ ಮೂಢತನ ಅನ್ನುತ್ತೀರೇನೋ. ನಿಮ್ಮ ಕೌಂಟರಿನಲ್ಲಿ ನನ್ನ ಗಂಡನ ಹೆಸರು ಕೇಳಿದಾಗ ನಾನೂ ಬಾಯಿ ಬಿಡಲಿಲ್ಲ, ಚೀಟಿಯಲ್ಲಿ ಬರೆದುಕೊಟ್ಟೆ. ಅಜ್ಜಿಗೆ ಬರೆಯಲು ಬರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಅಕ್ಷರ ಬಾರದ ತಪ್ಪಿಗೆ ಅವಳ ಗಂಡನನ್ನು ಕಿತ್ತುಕೊಳ್ಳುತ್ತೀರಾ? ದೊಡ್ಡವರ ಮನೆಯ ಸಮಾಧಿಯಾಗಿದ್ದರೆ ಈ ಸರ್‌ನೇಮಿನ ಪಾಠ ನಡೆಯುತ್ತಿತ್ತೇ?

ನನ್ನ ಬೇಡಿಕೆ ಒಂದೇ. ಇಬ್ಬರನ್ನೂ ಒಟ್ಟಿಗೆ ಸಾಗಿಸಿ, ಈಗಿರುವಷ್ಟೇ ಹತ್ತಿರದಲ್ಲಿ ಮಲಗಿಸಿ, ಹಾಗೆಂದು ಆದೇಶ ಬರೆದುಕೊಡಿ. ಆಗದು ಎನ್ನುವುದಾದರೆ ಅಜ್ಜಿಗೆ ಕೊಟ್ಟ ಜಾಗವನ್ನೂ ವಾಪಸು ತೆಗೆದುಕೊಳ್ಳಿ. ಅವಳೊಬ್ಬಳೇ ಗೋಡೆಯ ಬದಿಗೆ ಹೋಗುವುದು ಬೇಡ. ನಿಮ್ಮ ಗಾಡಿ ಇಬ್ಬರ ಮೇಲೂ ಹೋಗಲಿ.

ಇಂತಿ,
ನಾಳೆ ತನ್ನ ಗುರುತೂ ನಿಮ್ಮ ಮೇಜಿಗೇ ಬರಬೇಕೆಂದು ಬಲ್ಲ,
ಚಾಮರಾಜಪೇಟೆಯ ಮೀನಾಕ್ಷಮ್ಮ