ಅರ್ಧ ಜೋಡಿ

ಶಿಕ್ಷಣದ ಅರ್ಥಶಾಸ್ತ್ರ ವಿಭಾಗ
ಎರಡನೇ ಮಹಡಿ, ಜೆರಾಕ್ಸ್ ಯಂತ್ರದ ಪಕ್ಕದ ಮೇಜು
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಇಲ್ಲಿ ನೆರೆದಿರುವ ಸಮಸ್ತ ಅವಳಿ ಸಹೋದರರೇ, ಒಂದೇ ಹೊಟ್ಟೆಯಲ್ಲಿ ಜಾಗ ಹಂಚಿಕೊಂಡು, ಹೊರಬಂದ ಮೇಲೆ ಒಂದು ಕಂಬಳಿ ಹಂಚಿಕೊಳ್ಳಲಾರದೆ ಕಿತ್ತಾಡಿದ ಮಹನೀಯರೇ! ಓದು ಮನುಷ್ಯನಿಗೆ ಏನು ಕೊಡುತ್ತದೆ ಎಂಬ ಗಹನವಾದ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮ ವಿಭಾಗವು ತಮ್ಮ ಅಮೂಲ್ಯ ಸಹಕಾರವನ್ನು ಕೋರುತ್ತದೆ. ತಮ್ಮ ಬಗ್ಗೆಯೂ, ತಮ್ಮ ಅವಳಿಯ ಬಗ್ಗೆಯೂ ತಾವೇ ನಿಸ್ಸಂಕೋಚವಾಗಿ ಹೇಳತಕ್ಕದ್ದು. ಪ್ರಶ್ನೆ ನಮ್ಮದು, ಉತ್ತರ ನಿಮ್ಮದು. ತಪ್ಪಾದರೆ ಮಾತ್ರ ಗುಮಾಸ್ತನದ್ದು.

ಪ್ರೀತಿಯ ಜವಳಿ,

ಇಲ್ಲಿಯವರೆಗೆ ಓದಿದೆಯಲ್ಲ, ಅಷ್ಟೇ ಬೇಕಾಗಿತ್ತು. ಇನ್ನು ಮಡಚಿ ಒಳಗಿಡಬೇಡ. ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನುತ್ತೀಯಾ? ಈ ಗಾಳಿಗೆ ನನ್ನ ಎಡಗಿವಿ ನೋಯುತ್ತಿದೆ, ಅಂದರೆ ನಿನ್ನ ಬಲಗಿವಿ ನೋಯುತ್ತಿರಬೇಕು, ಹತ್ತಿ ಇಟ್ಟುಕೋ. ಇಲ್ಲಿ ನಿನ್ನ ಅತ್ತಿಗೆ ಚೆನ್ನಾಗಿದ್ದಾಳೆ, ನಾನು ಎದುರು ಬಂದಾಗಲೆಲ್ಲ ಒಂದು ಕ್ಷಣ ಬೇರೆ ಯಾರನ್ನೋ ನೋಡಿದ ಹಾಗೆ ನೋಡಿ ಆಮೇಲೆ ಅಡುಗೆಮನೆಗೆ ಹೋಗುತ್ತಾಳೆ. ಅಮ್ಮ ಅಕ್ಕನ ಮನೆಯಲ್ಲೇ ಇದ್ದಾಳೆ, ಮಂಡಿ ನೋವು ಬಿಟ್ಟರೆ ಗಟ್ಟಿ. ನಿನ್ನ ವಿಷಯದಲ್ಲಿ ಅವಳಿಗೆ ಚಿಂತೆಯಿಲ್ಲ. ಯಾಕಿಲ್ಲ ಎನ್ನುವುದನ್ನು ಕೊನೆಗೆ ಹೇಳುತ್ತೇನೆ, ಧೈರ್ಯ ಬಂದರೆ.

ಲಕೋಟೆಯ ಮೇಲೆ ಅಚ್ಚಾದ ವಿಳಾಸ, ವಿಭಾಗದ ಮೊಹರು ಯಾಕೆ ಎಂದು ಕೇಳುತ್ತೀಯ. ನಿನ್ನ ಪ್ರಯೋಗಾಲಯದ ಮೆಟ್ಟಿಲ ಬಳಿ ಟಪಾಲು ಹಾಕುವ ಮರದ ಗೂಡುಗಳಿವೆಯಲ್ಲ, ನಿನ್ನ ಗೂಡನ್ನು ನೋಡಿ ಬಂದೆ. ನಾನು ಕೈಯಾರೆ ಬರೆದ ಪತ್ರಗಳೆಲ್ಲ ಅಲ್ಲೇ ಒಂದರ ಮೇಲೊಂದು ಮಲಗಿದ್ದವು. ಆದರೆ ಕಚೇರಿಯ ಮೊಹರು ಇರುವ ಲಕೋಟೆಗಳು ಮಾತ್ರ ಆಗಾಗ ಮಾಯವಾಗುತ್ತವಂತೆ, ಯಾರೂ ಇಲ್ಲದ ಹೊತ್ತಿನಲ್ಲಿ. ಅದು ನೀನೇ ಆಗಿರಲಿ ಅಂತ ದಿನವೂ ಬೇಡಿಕೊಳ್ಳುತ್ತೇನೆ. ಯಾವನೋ ಕಸ ಗುಡಿಸುವವನು ಆಗಿದ್ದರೆ ಅವನಿಗೂ ನಮಸ್ಕಾರ, ಇಷ್ಟು ಓದಿದ್ದಕ್ಕೆ. ಒಂದು ಇಡೀ ಹಗಲು ಆ ಗೂಡಿನ ಪಕ್ಕ ಕಾದು ನಿಂತಿದ್ದೆ. ಹೋಗುವವರು ಬರುವವರೆಲ್ಲ ನನಗೆ ತಲೆಯಾಡಿಸಿ, ‘ಬಂದ್ರಾ, ಹುಷಾರಾದ್ರಾ’ ಎಂದು ಕೇಳಿದರು. ನೀನು ಮಾತ್ರ ಬರಲಿಲ್ಲ. ದೂರದಿಂದ ನನ್ನನ್ನು ಕಂಡು, ಕನ್ನಡಿಗೆ ಹೆದರಿದವನ ಹಾಗೆ ತಿರುಗಿ ಹೋದೆಯೋ ಏನೋ. ಅದಕ್ಕೇ ಈ ವೇಷ: ಒಳಗೆ ಅಣ್ಣ, ಹೊರಗೆ ಸರ್ಕಾರದ ಬಣ್ಣ.

ಸಮೀಕ್ಷೆಯ ವಿಷಯವನ್ನೂ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮೊಹರಿಗೆ ಅವಮಾನ. ಹೆಚ್ಚು ಓದಿದವನು ಬದುಕಿನಲ್ಲಿ ಮೇಲೆ ಬಂದರೆ ಅದು ಓದಿನಿಂದಲೋ, ಮನೆತನದಿಂದಲೋ, ಹುಟ್ಟಿನಿಂದ ಬಂದ ಬುದ್ಧಿಯಿಂದಲೋ ಹೇಳುವುದು ಕಷ್ಟ. ಅದಕ್ಕೆ ಅರ್ಥಶಾಸ್ತ್ರದವರು ಒಂದು ಉಪಾಯ ಕಂಡುಕೊಂಡಿದ್ದಾರೆ: ಅವಳಿಗಳನ್ನು ಹಿಡಿ. ಅದೇ ತಾಯಿ, ಅದೇ ತಟ್ಟೆ, ಅದೇ ತಲೆ. ಓದು ಮಾತ್ರ ಬೇರೆ. ಹಾಗಾದರೆ ಇಬ್ಬರ ನಡುವೆ ಉಳಿದ ವ್ಯತ್ಯಾಸ ಓದಿನದು. ಜನ ತಮ್ಮ ಓದಿನ ಬಗ್ಗೆ ಕೊಂಚ ಉಬ್ಬಿಸಿ ಹೇಳುತ್ತಾರೆ ನೋಡು, ಅದಕ್ಕಾಗಿ ಒಬ್ಬನನ್ನು ಇನ್ನೊಬ್ಬನ ಬಗ್ಗೆಯೂ ಕೇಳುತ್ತೇವೆ. ನೀನು ಹೇಳದ್ದನ್ನು ನಿನ್ನ ಅವಳಿ ಹೇಳುತ್ತಾನೆ. ಇಬ್ಬರೂ ಸೇರಿದರೆ ಸುಳ್ಳು ಸೋರಿಹೋಗುತ್ತದೆ.

ನಮ್ಮ ಕಥೆ ಕೇಳಿ ಈ ಸಮೀಕ್ಷೆ ನಡೆಸುವ ಪ್ರೊಫೆಸರ್ ಕುರ್ಚಿಯಿಂದ ಅರ್ಧ ಎದ್ದುಬಿಟ್ಟಿದ್ದರು. ಹೈಸ್ಕೂಲಿನಲ್ಲಿ ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕೂತು ಬರೆದ ಉತ್ತರ ಪತ್ರಿಕೆಗಳಲ್ಲಿ ತಪ್ಪುಗಳೂ ಒಂದೇ ಆಗಿದ್ದವಲ್ಲ, ಆ ಕಥೆ. ಮೇಷ್ಟ್ರು ಎರಡನ್ನೂ ಪಕ್ಕದಲ್ಲಿಟ್ಟುಕೊಂಡು, ‘ಸರಿ ಉತ್ತರ ಒಂದೇ ಇರುತ್ತೆ, ಒಪ್ಕೋತೀನಿ. ತಪ್ಪು ಹೇಗ್ರೋ ಒಂದೇ ಆಗುತ್ತೆ?’ ಅಂದಿದ್ದರು. ನಾವು ಏನು ಹೇಳಬೇಕು? ಒಂದೇ ತಲೆಯಿಂದ ಎರಡು ಥರ ತಪ್ಪು ಮಾಡಲು ನಮಗೆ ಬರುತ್ತಿರಲಿಲ್ಲ. ಇನ್ನು ಮುಂದೆ ಇಬ್ಬರೂ ಒಂದೇ ಪರೀಕ್ಷೆ ಬರೆಯುವುದೇ ಬೇಡ ಎಂದು ಹೆಡ್‌ಮಾಸ್ಟರು ಬಾಗಿಲ ಕಡೆ ನಿಂತಿದ್ದ ನಿನ್ನನ್ನು ವಿಜ್ಞಾನಕ್ಕೂ, ಕಿಟಕಿಯ ಕಡೆ ನಿಂತಿದ್ದ ನನ್ನನ್ನು ಕಲಾ ವಿಭಾಗಕ್ಕೂ ತಳ್ಳಿದರು. ನಾವು ಜಾಗ ಬದಲಿಸಿ ನಿಂತಿದ್ದರೆ ಇವತ್ತು ನಾನು ಕಳೆದುಹೋಗಿ ನೀನು ಪತ್ರ ಬರೆಯುತ್ತಿದ್ದೆ. ‘ಬುದ್ಧಿಯಲ್ಲ, ಬಯಕೆಯಲ್ಲ, ಬರೀ ಬಾಗಿಲು!’ ಎಂದು ಪ್ರೊಫೆಸರ್ ಮೇಜು ಕುಟ್ಟಿದರು. ‘ಇಂಥ ಜೋಡಿ ಲಕ್ಷಕ್ಕೊಂದು ಸಿಗಲ್ಲಪ್ಪ. ನಿಮ್ಮ ತಮ್ಮನ್ನ ಕರ್ಕೊಂಡು ಬನ್ನಿ.’

ಕರ್ಕೊಂಡು ಬಾ ಅಂದರೆ ಎಲ್ಲಿಂದ ತರಲಿ? ನಿನ್ನ ಫೋನು ಸತ್ತಿತ್ತು. ಪ್ರಯೋಗಾಲಯಕ್ಕೆ ಹೋದೆ. ನಿನ್ನ ಪಕ್ಕದ ಮೇಜಿನ ಸಂಶೋಧಕಿ ನನ್ನನ್ನು ಕಂಡವಳೇ ‘ಸರ್!’ ಎಂದು ಎದ್ದು ನಿಂತಳು, ನಾನು ಬಾಯಿ ಬಿಟ್ಟ ಕೂಡಲೇ ಕೂತುಬಿಟ್ಟಳು. ಅವಳೇ ಎಲ್ಲ ಹೇಳಿದ್ದು. ಇನ್ನೂ ಯಾರೂ ತಯಾರಿಸದ ನಿನ್ನ ಆ ಅಣು, ಕ್ವಾಂಟಂ ಲೆಕ್ಕದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ ಎಂದು ನೀನು ತೋರಿಸಿದ್ದು. ಅದನ್ನು ನಂಬಿ ಕೆಳಗಿನ ಮಹಡಿಯವರು ಗಾಜಿನ ಬುರುಡೆಗಳಲ್ಲಿ ಅದನ್ನು ಮಾಡಲು ಹೊರಟಿದ್ದು, ಮಾಡಿದಷ್ಟು ಸಲವೂ ಅದು ಒಡೆದದ್ದು. ನೀನು ಮತ್ತೆ ಇನ್ನೂ ಬಿಗಿಯಾದ ಲೆಕ್ಕಕ್ಕೆ ಕೂತದ್ದು. ಅಣು ಕಣಿವೆಯಲ್ಲಿ ಕೂತಿದ್ದರೂ ನೆಲ ಚಪ್ಪಟೆ, ದಿಣ್ಣೆಯ ನೆತ್ತಿಯಲ್ಲಿ ಕೂತಿದ್ದರೂ ಚಪ್ಪಟೆ. ಯಾವುದು ಎಂದು ತಿಳಿಯಲು ಎಲ್ಲ ದಿಕ್ಕಿನಿಂದಲೂ ಮೆಲ್ಲಗೆ ತಳ್ಳಿ, ಅಲುಗಾಡಿ ವಾಪಸ್ ಬರುತ್ತದೋ ನೋಡಬೇಕು, ಅಂದಳು. ಒಂದೇ ಒಂದು ದಿಕ್ಕಿನಲ್ಲಿ ನಿನ್ನದು ವಾಪಸ್ ಬರಲಿಲ್ಲವಂತೆ, ಅಂದರೆ ಅದು ಕೂತಿದ್ದದ್ದು ದಿಣ್ಣೆಯ ಮೇಲೆ. ಮೊದಲ ಲೆಕ್ಕದ ಒರಟು ಅಳತೆಗೆ ಅದು ಕಂಡಿರಲಿಲ್ಲ. ‘ಯಾರೂ ಕೇಳಿರಲಿಲ್ಲ ಸರ್, ಮೀಟಿಂಗಿನಲ್ಲಿ ಅವರೇ ಎದ್ದು ನಿಂತು ಹೇಳಿದ್ರು.’ ಆಮೇಲೆ ಎಲ್ಲರೂ ಬೈದರಾ ಎಂದು ಕೇಳಿದೆ. ‘ಬೈದಿದ್ರೆ ಚೆನ್ನಾಗಿತ್ತು ಸರ್. ಸುಮ್ನೆ ಮುಂದಿನ ವಿಷಯಕ್ಕೆ ಹೋದ್ರು.’ ಮಾರನೇ ದಿನದಿಂದ ನೀನು ಬರಲಿಲ್ಲ.

ಜವಳಿ, ನನ್ನ ಕಾಲೇಜು ನನಗೆ ಕಲಿಸಿದ್ದು ಪ್ರಾಸ ಮತ್ತು ಪರಿಹಾಸ ಎರಡೇ. ಆದರೂ ಹೇಳುತ್ತೇನೆ: ನಿಜ ಹೇಳಿದವನು ಓಡಿಹೋಗಬಾರದು ಕಣೋ. ಓಡಿಹೋಗಲು ಕಾದಿರುವ ಸುಳ್ಳುಗಾರರ ಸಾಲೇ ಉದ್ದವಾಗಿದೆ, ನಿನಗೆ ಅಲ್ಲಿ ಜಾಗ ಸಿಗುವುದಿಲ್ಲ.

ನಿನ್ನ ಕೋಣೆಗೂ ಹೋದೆ. ಮನೆಯ ಮಾಲೀಕರಮ್ಮ ಬಾಗಿಲಲ್ಲೇ ಶುರು ಮಾಡಿದರು. ‘ಏನ್ರೀ, ಹೇಳ್ದೆ ಕೇಳ್ದೆ ಎಲ್ಲಿ ಹೋಗಿದ್ರಿ? ಮನೆ ಅಂದ್ರೆ ಬಸ್ ಸ್ಟ್ಯಾಂಡಾ? ಗಡ್ಡ ತೆಗ್ಸಿದ್ದು ಒಳ್ಳೇದಾಯ್ತು, ಈಗ ಮನುಷ್ಯರ ಥರ ಕಾಣ್ತೀರಿ.’ ನಿನಗೆ ಗಡ್ಡ ಇತ್ತೆಂಬುದು ನನಗೆ ಗೊತ್ತಾದದ್ದು ಹೀಗೆ. ಬೈಯುತ್ತಲೇ ಚಹಾ ಮಾಡಿ ಕೊಟ್ಟರು, ಸಕ್ಕರೆ ಹಾಕದೆ. ನೀನು ಸಕ್ಕರೆ ಬಿಟ್ಟಿದ್ದೀಯ ಎಂಬುದೂ ಆಗಲೇ ಗೊತ್ತಾಯಿತು. ನಾನು ಅವನಲ್ಲ ಎಂದು ಹೇಳಲು ಬಾಯಿ ತೆರೆದೆ, ಆದರೆ ಆಯಮ್ಮ ಅಷ್ಟು ನೆಮ್ಮದಿಯಿಂದ ಬೈಯುತ್ತಿದ್ದರು, ತಡೆಯಲು ಮನಸ್ಸಾಗಲಿಲ್ಲ. ಕಹಿ ಚಹಾ ಕುಡಿದೆ. ಒಳಗೆ ಹೋಗಿ ನೋಡಿದರೆ ನಿನ್ನ ಹಾಸಿಗೆ ನೀಟಾಗಿ ಮಡಚಿಟ್ಟಿತ್ತು. ಹುಟ್ಟಿದಾಗಿನಿಂದ ನೀನು ಹಾಸಿಗೆ ಮಡಚಿದವನಲ್ಲ. ಇಬ್ಬರದನ್ನೂ ಮಡಚುತ್ತಿದ್ದವನು ನಾನು. ಮೇಜಿನ ಮೇಲೆ ಗೋಲಿ, ಕಡ್ಡಿ ಜೋಡಿಸಿ ಮಾಡಿದ ನಿನ್ನ ಅಣುವಿನ ಮಾದರಿ, ಪಕ್ಕದಲ್ಲೇ ಓದುವ ಕನ್ನಡಕ. ಹಾಕಿಕೊಂಡು ನೋಡಿದೆ, ನಂಬರು ಸರಿಹೋಯಿತು. ಜಗತ್ತು ನಮ್ಮಿಬ್ಬರಿಗೂ ಒಂದೇ ಅಳತೆಯಲ್ಲಿ ಮಸುಕಾಗಿದೆ. ಕನ್ನಡಕವಿಲ್ಲದೆ ನೀನು ಇದನ್ನು ಹೇಗೆ ಓದುತ್ತೀಯ ಎಂದೇ ಅಕ್ಷರಗಳನ್ನು ಇಷ್ಟು ದಪ್ಪಗೆ ಬರೆಯುತ್ತಿದ್ದೇನೆ. ಪುಟ ಜಾಸ್ತಿಯಾದರೆ ನನ್ನ ಮಾತಿನ ಚಟ ಎಂದು ಬೈಯಬೇಡ.

ಪೊಲೀಸ್ ಠಾಣೆಗೂ ಹೋಗಿಬಂದೆ, ನಗಬೇಡ. ಕಳೆದುಹೋದವರ ಫೋಟೋ ಕೊಡಿ ಅಂದರು, ಅವಸರದಲ್ಲಿ ಮರೆತುಬಂದಿದ್ದೆ, ನನ್ನ ಮುಖವನ್ನೇ ತೋರಿಸಿದೆ. ಪೇದೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಇಲ್ಲೇ ಇದ್ದೀರಲ್ರೀ, ಮನೆಗೆ ಹೋಗಿ’ ಅಂದ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನಕ್ಕೆ. ನಗು ನಿಲ್ಲಿಸಲು ಬಹಳ ಹೊತ್ತು ಬೇಕಾಯಿತು, ದಾರಿಯಲ್ಲಿ ಹೋಗುವವರು ನಿಂತು ನೀರು ಕೊಟ್ಟರು.

ಈಗ ಪ್ರಶ್ನೆಗಳು. ನಿನ್ನ ಅವಳಿ ಏನು ಓದಿದ್ದಾನೆ? ನಾನು ಹೇಳಿದೆ: ನಾನು ಕೇಳಿ ಅರ್ಥ ಮಾಡಿಕೊಳ್ಳಲಾರದಷ್ಟು. ಈಗ ಎಲ್ಲಿ ಕೆಲಸ ಮಾಡುತ್ತಾನೆ? ಗೊತ್ತಿಲ್ಲ. ಕೊನೆಯ ಬಾರಿ ಅವನ ಜೊತೆ ಮಾತಾಡಿದಾಗ ಹೇಗಿದ್ದ? ‘ಆರಾಮಾಗಿದ್ದೀನಿ ಕಣೋ’ ಅಂದ. ನನ್ನ ಕೈಯಲ್ಲಿರುವುದು ಇಷ್ಟೇ. ನಮ್ಮಲ್ಲಿ ಒಂದು ನಿಯಮವಿದೆ: ಜೋಡಿಯಲ್ಲಿ ಒಬ್ಬ ಉತ್ತರಿಸದಿದ್ದರೆ ಇನ್ನೊಬ್ಬನನ್ನೂ ಲೆಕ್ಕದಿಂದ ಕೈಬಿಡಬೇಕು. ಅವನು ಎಷ್ಟೇ ಸತ್ಯ ಹೇಳಿರಲಿ, ಒಬ್ಬನನ್ನು ಇನ್ನೊಬ್ಬನ ಪಕ್ಕ ಇಟ್ಟು ನೋಡಲಾಗದಿದ್ದರೆ ಅವನಿಂದ ಉಪಯೋಗವಿಲ್ಲ. ನಾನೇ ನಿನ್ನ ಪರವಾಗಿಯೂ ಹೇಳಿಬಿಡಲೇ ಎಂದು ಪ್ರೊಫೆಸರನ್ನು ಕೇಳಿದೆ. ಶಾಲೆಯಲ್ಲಿ ನೀನು ತಪ್ಪಿಸಿಕೊಂಡ ದಿನಗಳಲ್ಲಿ ಎರಡು ಸಲ ‘ಹಾಜರ್ ಸಾರ್’ ಕೂಗಿದವನು ನಾನಲ್ಲವೇ, ಎರಡನೇ ಸಲ ಗಂಟಲು ಕೆರೆದು, ಮಾತಿಗೆ ಮೊದಲು ನೀನು ಕೆಮ್ಮುವ ಹಾಗೆ ಕೆಮ್ಮಿ? ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿದರು. ‘ಅರ್ಧ ಜೋಡಿ ಅಂತ ಒಂದಿಲ್ಲಪ್ಪ. ತೆಗೆದುಹಾಕಿ.’

ಆದ್ದರಿಂದ ಮಹನೀಯರೇ, ತಾವು ಉತ್ತರಿಸತಕ್ಕದ್ದು. ಒಂದು ಸಾಲು ಸಾಕು. ಬೈಗುಳವೂ ನಡೆಯುತ್ತದೆ, ಅದಕ್ಕೆ ಬೇರೆ ಕಾಲಂ ಹಾಕಿಕೊಳ್ಳುತ್ತೇನೆ. ಖಾಲಿ ಹಾಳೆಯಾದರೂ ಮಡಚಿ ಕಳಿಸು, ನೀನು ಮಡಚುವ ರೀತಿ ನನಗೆ ಗೊತ್ತು, ಮೂಲೆ ಯಾವತ್ತೂ ಕೂಡುವುದಿಲ್ಲ. ಈ ಪತ್ರ ನಿನ್ನ ಕಡೆಯವರ ಭಾಷೆಯಲ್ಲಿ ಒಂದು ಮೆಲ್ಲನೆಯ ತಳ್ಳು ಅಂದುಕೋ. ಅಲುಗಾಡು. ಅಲುಗಾಡಿ ವಾಪಸ್ ಬಾ.

ಅತ್ತಿಗೆ ನಿನಗೆ ಬೆಚ್ಚಗಿರಲು ಹೇಳಿದ್ದಾಳೆ. ನಾನು ದೊಡ್ಡವನಾದ್ದರಿಂದ ಆಶೀರ್ವಾದ ಮಾಡುವ ಹಕ್ಕು ನನಗಿದೆ: ನೂರು ಕಾಲ ಇರು, ಮತ್ತು ನನಗೆ ಕಾಣುವ ಹಾಗೆ ಇರು.

ನಿನಗಿಂತ ಒಂದು ಅಳು ಮೊದಲು ಹುಟ್ಟಿದ
ಅವಳಿ

ಮರೆತ ಮಾತು: ಸಮೀಕ್ಷೆ ಮುಗಿದುಹೋಗಿದೆ ಕಣೋ. ವರದಿ ಅಚ್ಚಾಗಿ ಬಂದಿದೆ, ಅದರಲ್ಲಿ ನಾವಿಬ್ಬರೂ ಇಲ್ಲ. ಈ ಮೊಹರನ್ನು ನಾನು ಯಾರನ್ನೂ ಕೇಳದೆ ಒತ್ತಿದೆ. ಇನ್ನೊಂದು. ಅಮ್ಮನಿಗೆ ಪ್ರತಿ ಭಾನುವಾರ ಎರಡು ಸಲ ಫೋನ್ ಮಾಡುತ್ತಿದ್ದೇನೆ, ಮೊದಲು ನಾನಾಗಿ, ಆಮೇಲೆ ಕೆಮ್ಮಿ ನೀನಾಗಿ. ಅವಳು ನಿನ್ನ ಊಟ, ನಿದ್ದೆ, ಕಿವಿ ಎಲ್ಲ ಕೇಳುತ್ತಾಳೆ, ನಾನು ಆರಾಮಾಗಿದ್ದೀನಿ ಅನ್ನುತ್ತೇನೆ. ಮೊನ್ನೆ ಭಾನುವಾರ ನೀನಾಗಿ ಎಲ್ಲ ಮಾತಾಡಿ ಮುಗಿಸಿದ ಮೇಲೆ, ಅವಳು ಮೆತ್ತಗೆ ಅಂದಳು: ‘ಸರಿ ಮಗಾ, ನೀನು ಹೇಳಿದ್ದೆಲ್ಲ ಕೇಳಿದೆ. ಈಗ ಅವನಿಗೆ ಕೊಡು.’ ಅವಳು ಕಾಯುತ್ತಿದ್ದಳು. ನಾನೇ ಫೋನ್ ಇಟ್ಟೆ. ಜವಳಿ, ಇನ್ನು ಮೇಲೆ ನಿನ್ನ ಧ್ವನಿ ನನಗೆ ಬರುವುದಿಲ್ಲ.