ತುಂಬಿದ ಕೆನ್ನೆಯ ತೀರ್ಪು

ಬ್ಯಾಂಕಿನ ವರ್ಗಾವಣೆಗಳನ್ನು ತೀರ್ಮಾನಿಸುವ ಅಧಿಕಾರಿಗಳಿಗೆ,

ಮಾನ್ಯರೇ, ನೀವು ನನ್ನ ಮಗಳ ಕೆನ್ನೆ ನೋಡಿ ನನ್ನ ಗಂಡನನ್ನು ವಿಜಯವಾಡಕ್ಕೆ ವರ್ಗ ಮಾಡಿದಿರಿ. ಪತ್ರಿಕೆಗೆ ಬರೆಯಲು ಅವರಿಗೆ ನಿಮ್ಮ ನಿಯಮ ಅಡ್ಡ ಬರುತ್ತದೆ. ನಾನು ನಿಮ್ಮ ನೌಕರಳಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಎಂಟು ವರ್ಷದ ಹೈಮಾವತಿಯ ದೇಹ ತನ್ನದೇ ರಕ್ತಕಣಗಳನ್ನು ಶತ್ರುಗಳೆಂದು ತಿಳಿದು ಕೊಲ್ಲುತ್ತಿತ್ತು. ಅದನ್ನು ತಡೆಯಲು ಮಾತ್ರೆ ಕೊಟ್ಟು ಮೈಯ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸಬೇಕು. ತೀರ ಕುಗ್ಗಿದರೆ ಸಣ್ಣ ಸೋಂಕೂ ಪ್ರಾಣ ತೆಗೆಯುತ್ತದೆ. ಆ ಹದ ಬಲ್ಲವರೆಂದು ನಾವು ನಂಬಿದ್ದು ವಿಶಾಖಪಟ್ಟಣದ ಡಾಕ್ಟರ್ ಸೂರ್ಯಪ್ರಕಾಶರನ್ನು. ಮಗುವನ್ನು ಜನಸಂದಣಿಯಿಂದ ದೂರವಿಡಿ, ಊರು ಬಿಡಿಸಬೇಡಿ ಎಂದು ಅವರು ಬರೆದುಕೊಟ್ಟ ಚೀಟಿ ಹಿಡಿದು ವರ್ಗಾವಣೆ ಬೇಡವೆಂದು ಕೇಳಲು ಅದೇ ಊರಿನ ದ್ವಾರಕಾ ನಗರ ಬಡಾವಣೆಯ ನಿಮ್ಮ ಕಚೇರಿಗೆ ಬಂದೆವು.

ದೊಡ್ಡವರನ್ನು ಕಾಣಲು ಹೋಗುವಾಗ ಮಗುವನ್ನು ಸಿಂಗರಿಸುವುದು ನಮ್ಮ ಕಡೆಯ ರೂಢಿ. ಜರಿ ಲಂಗ ಉಡಿಸಿ, ಮಲ್ಲಿಗೆ ಮುಡಿಸಿ, ದೃಷ್ಟಿಬೊಟ್ಟಿಟ್ಟು ಕರೆತಂದಿದ್ದೆ. ನೀವು ಚೀಟಿ ಓದಲಿಲ್ಲ, ಅವಳನ್ನು ನೋಡಿದಿರಿ.

“ಏನಮ್ಮಾ, ಹುಡುಗಿ ಇಷ್ಟು ಗುಂಡುಗುಂಡಾಗಿದ್ದಾಳೆ, ಇವಳಿಗೆಂಥ ಕಾಯಿಲೆ?” ಎಂದಿರಿ.

ಅದು ಸ್ಟಿರಾಯ್ಡ್ ಮಾತ್ರೆಯಿಂದ ಬಂದ ಊತ, ಶಾಲೆಯ ತೆಲುಗು ಗೆಳತಿಯರು ‘ಬೂರೆ ಬುಗ್ಗಲು’ ಎಂದು ರೇಗಿಸುವ ಉಬ್ಬುಗೆನ್ನೆ ಎಂದು ನನ್ನ ಗಂಡ ವಿವರಿಸುವಷ್ಟರಲ್ಲಿ ನೀವು ಮುಂದಿನವರನ್ನು ಕರೆದಾಗಿತ್ತು. ನಾಡಿ ಹಿಡಿಯದೆ, ರಕ್ತ ನೋಡದೆ ರೋಗಿಯನ್ನು ಗುಣಪಡಿಸುವ ಈ ವಿದ್ಯೆಯನ್ನು ಯಾವ ಕಾಲೇಜಿನಲ್ಲಿ ಕಲಿತಿರಿ? ಹರಕು ಬಟ್ಟೆ ತೊಡಿಸಿ ತಂದಿದ್ದರೆ ನಂಬುತ್ತಿದ್ದಿರಾ?

ಮೆಟ್ಟಿಲಿಳಿಯುವಾಗ ಹೈಮಾ ಕೇಳಿದಳು: “ಅಮ್ಮಾ, ಆ ಸಾರ್‌ಗೆ ನಾನು ಚೆನ್ನಾಗಿ ಕಾಣ್ಸಿದ್ನಲ್ಲ, ಇನ್ಮೇಲೆ ಮಾತ್ರೆ ಬೇಡ್ವಾ?”

ವಿಜಯವಾಡಕ್ಕೆ ಹೋದೆವು. ರಕ್ತಪರೀಕ್ಷೆಗೆ ಮತ್ತೆ ಮತ್ತೆ ವಿಶಾಖಪಟ್ಟಣದ ರೈಲು ಹತ್ತಿದೆವು. ದಸರೆಯ ಸಮಯದ ಪರೀಕ್ಷೆ ತಪ್ಪಿಸುವಂತಿರಲಿಲ್ಲ. ವಿಜಯವಾಡದ ದೇವಿಯ ಬೆಟ್ಟ ಇಂದ್ರಕೀಲಾದ್ರಿಯಿಂದ ಹಿಂದಿರುಗುವ ಭಕ್ತರಿಂದ ಬೋಗಿಯಲ್ಲಿ ಕಾಲಿಡಲು ಜಾಗವಿಲ್ಲ. ಹೈಮಾಳಿಗೆ ಒತ್ತಿಕೊಂಡು ಕೂತ ಮಗುವಿನ ಮೈತುಂಬ ಗುಳ್ಳೆ. ಅಮ್ಮವಾರು ಬಂದಿದ್ದಾಳೆ, ಹರಕೆ ತೀರಿಸಿ ಬರುತ್ತಿದ್ದೇವೆ ಎಂದು ಅದರ ತಾಯಿ ಭಕ್ತಿಯಿಂದ ಹೇಳಿದಳು. ಅಮ್ಮವಾರು ಎಂದರೆ ಅಲ್ಲಿ ಸೀತಾಳೆ ಸಿಡುಬು. ಆಕೆಯ ಮೇಲೆ ನನಗೆ ಕೋಪವಿಲ್ಲ. ಅವಳ ಮಗು ಗುಣವಾಗಿ ಆಡಿಕೊಂಡಿರುತ್ತದೆ, ಇರಲಿ. ನನ್ನ ಮಗುವಿಗೆ ಅದನ್ನು ತಡೆಯುವ ಶಕ್ತಿಯಿರಲಿಲ್ಲ. ದೀಪಾವಳಿ ಕಳೆದ ಮೇಲೆ ಹೈಮಾ ತೀರಿಕೊಂಡಳು.

ನಿಮ್ಮ ಸಂತಾಪ ನನಗೆ ಬೇಡ. ಮತ್ತೊಂದು ಮಗು ನಿಮ್ಮ ಮೇಜಿನ ಮುಂದೆ ನಿಂತಾಗ, ಅದರ ಮುಖ ನೋಡುವ ಮೊದಲು ವೈದ್ಯರ ಚೀಟಿ ಓದಿ. ಇದನ್ನೊಂದು ನಿಯಮ ಮಾಡಿ. ನಿಯಮ ಮಾಡುವುದು ನಿಮಗೇನೂ ಹೊಸದಲ್ಲ.

ಕೊನೆಯ ದಿನವೂ ಹೈಮಾಳ ಕೆನ್ನೆ ತುಂಬಿಕೊಂಡೇ ಇತ್ತು.

ಇಂತಿ,
ಇನ್ನು ಯಾವ ಊರಿಗೆ ಹಾಕಿದರೂ ತಕರಾರಿಲ್ಲದ
ಸುಲೋಚನಾ